ಪ್ರೇಮಿಗಳ ದಿನದ ಹೂವಿಗೆ ಕೆ.ಆರ್. ಮಾರುಕಟ್ಟೆ

ಈ ಸಲದ ಪ್ರೇಮಿಗಳ ದಿನಕ್ಕೆ ಮನೆಯ ಮೂವರಿಗೂ ಬೇಕಾದ ಹೂವನ್ನು ನಾನು ಕೆ.ಆರ್. ಮಾರುಕಟ್ಟೆಗೆ ಖುದ್ದಾಗಿ ಹೋಗಿ ತಂದೆ. ಕಳೆದ ವರ್ಷ ಮೊಬೈಲಿನಲ್ಲೇ ಹಣ ಕಟ್ಟಿ ಮನೆ ಬಾಗಿಲಿಗೆ ತರಿಸಿಕೊಂಡಿದ್ದ 12 ಗುಲಾಬಿಗಳ ಗುಚ್ಛ, ಹೊಳೆಯುವ ಕಾಗದ ಮತ್ತು ರಿಬ್ಬನ್ನಿನಿಂದಾಗಿ ನೋಡಲು ಚೆನ್ನಾಗಿಯೇ ಇತ್ತು. ಆದರೆ ಸಂಜೆ ಹೆಂಡತಿ ಆಫೀಸಿನಿಂದ ಬರುವ ಹೊತ್ತಿಗೆ ಅರ್ಧದಷ್ಟು ಮೊಗ್ಗುಗಳು ಕತ್ತು ಬಾಗಿಸಿದ್ದವು. ಹೂವು ಕೊಯ್ದು ಎಷ್ಟು ದಿನವಾಯಿತು ಎಂದು ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಹೂವನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು ಎಂದು ಅಂದೇ ತೀರ್ಮಾನಿಸಿದ್ದೆ.

2026ರ ಫೆಬ್ರುವರಿ 14 ಶನಿವಾರವಾಗಿತ್ತು, ಮರುದಿನವೇ ಮಹಾಶಿವರಾತ್ರಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಬೆಳಗಿನ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಇಳಿದು ಹೊರಬಂದಾಗ ಇನ್ನೂ ಕತ್ತಲಿತ್ತು, ಆದರೆ ಒಳಗೆ ವ್ಯಾಪಾರ ಆಗಲೇ ಬಿರುಸಾಗಿತ್ತು. ಒಂದು ಕಡೆ ಬಿಲ್ವಪತ್ರೆಯ ಮೂಟೆಗಳು, ಸೇವಂತಿಗೆಯ ರಾಶಿ, ಸುಗಂಧರಾಜದ ಹಾರಗಳು. ಇನ್ನೊಂದು ಕಡೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಬಕೆಟ್ಟುಗಳಲ್ಲಿ ನಿಲ್ಲಿಸಿದ ಕೆಂಪು ಗುಲಾಬಿ. ಎರಡು ಹಬ್ಬಗಳು ಒಂದಕ್ಕೊಂದು ಅಂಟಿಕೊಂಡು ಬಂದ ಇಂಥ ಮುಂಜಾನೆಯನ್ನು ಈ ಮಾರುಕಟ್ಟೆಯಲ್ಲಿ ನೋಡಲು ಸಿಕ್ಕಿದ್ದೇ ನನಗೆ ಬಹಳ ಸಂತೋಷ ಕೊಟ್ಟಿತು.

ಇಲ್ಲಿ ಗುಲಾಬಿ ಎಂದರೆ ಒಂದೇ ಬಗೆಯದಲ್ಲ. ಹಾರಕ್ಕೆ, ಪೂಜೆಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬಿಡಿ ಗುಲಾಬಿ ಬೇರೆ. ಪಾಲಿಹೌಸಿನಲ್ಲಿ ಬೆಳೆದ, ಉದ್ದ ಕಡ್ಡಿಯ, ವ್ಯಾಪಾರಿಗಳು ಡಚ್ ರೋಸ್ ಎಂದು ಕರೆಯುವ ಗುಲಾಬಿ ಬೇರೆ. ಪ್ರೇಮಿಗಳ ದಿನಕ್ಕೆ ಜನ ಹುಡುಕುವುದು ಎರಡನೆಯದನ್ನು, ಅದರಲ್ಲೂ ತಾಜ್ ಮಹಲ್ ಎಂಬ ಕಡುಗೆಂಪು ತಳಿಯನ್ನು. 20 ಕಡ್ಡಿಗಳದು ಒಂದು ಬಂಚ್. ನಾನು ನಿಂತ ಅಂಗಡಿಯಾಕೆ ಕೇಳಿದ ಕೂಡಲೇ ಕಾಗದ ಬಿಚ್ಚಿ ತೋರಿಸಿದರು: ಒಂದೊಂದು ಮೊಗ್ಗಿನ ಮೇಲೂ ತೋಟದಲ್ಲೇ ತೊಡಿಸಿದ ಬಿಳಿ ಬಲೆಯ ಟೋಪಿ ಇನ್ನೂ ಇತ್ತು, ಅದರ ಕಣ್ಣುಗಳಿಂದ ಕೆಂಪು ಎಸಳು ಇಣುಕುತ್ತಿತ್ತು. ಟೋಪಿಯನ್ನು ಹಿಂದಕ್ಕೆ ಸರಿಸಿ ಮೊಗ್ಗಿನ ಬುಡವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಒತ್ತಿ ನೋಡಿದೆ. ಗಟ್ಟಿಯಾಗಿದ್ದರೆ ಹೂವು ಹೊಸದು, ಮೆತ್ತಗಿದ್ದರೆ ಶೀತಗೃಹದಲ್ಲಿ ಬಹಳ ದಿನ ಕಳೆದು ಬಂದದ್ದು ಎಂದೇ ತಿಳಿಯಬೇಕು. ಹೊರಗಿನ ಒಂದೆರಡು ಎಸಳುಗಳ ಅಂಚು ಕಪ್ಪಾಗಿದ್ದರೆ ಗಾಬರಿಪಡಬೇಕಿಲ್ಲ. ಅವು ಒಳಗಿನ ಎಸಳುಗಳನ್ನು ಕಾಯುವ ಕವಚ ಮಾತ್ರ, ಮನೆಯಲ್ಲಿ ಕಿತ್ತು ಹಾಕಬಹುದು.

ಉದ್ದ ಕಡ್ಡಿಯ ಬಂಚಿಗೆ ನಾನು 440 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಿದಾಗ ಆಕೆ, ‘ಅಣ್ಣಾ, ಇವತ್ತು ನಿಮ್ಮ ಹಬ್ಬ, ನಾಳೆ ಶಿವನ ಹಬ್ಬ, ರೇಟು ಎಲ್ಲಿಂದ ಇಳಿಸ್ಲಿ?’ ಎಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಮತ್ತು ಗಡಿಯಾಚೆಯ ಹೊಸೂರಿನ ಬೆಳೆಗಾರರು ಈ ಒಂದು ವಾರವನ್ನು ಲೆಕ್ಕ ಹಾಕಿ ಡಿಸೆಂಬರಿನಲ್ಲೇ ಗಿಡ ಸವರುತ್ತಾರೆ; ಅರಳಿದ್ದರಲ್ಲಿ ನೀಳವಾದ, ಕಲೆಯಿಲ್ಲದ ಹೂವು ವಿಮಾನದಲ್ಲಿ ಹೊರದೇಶಗಳಿಗೆ ಹೋಗುತ್ತದೆ; ಇನ್ನಷ್ಟು ಹೆಬ್ಬಾಳದ ಪುಷ್ಪ ಹರಾಜು ಕೇಂದ್ರದ ಮೂಲಕ ಬೇರೆ ಊರುಗಳ ವ್ಯಾಪಾರಿಗಳ ಕೈ ಸೇರುತ್ತದೆ. ಅಷ್ಟೆಲ್ಲ ಬೇಡಿಕೆಯ ನಡುವೆಯೂ ಒಂದು ಕಡ್ಡಿ ನನಗೆ 22 ರೂಪಾಯಿಗೆ ಸಿಕ್ಕಿತು. ಕಳೆದ ವರ್ಷದ ಗುಚ್ಛದಲ್ಲಿ ಒಂದೊಂದು ಹೂವಿಗೆ ಇದರ ಮೂರು ಪಟ್ಟಿಗಿಂತ ಹೆಚ್ಚು ಬಿದ್ದಿತ್ತು.

ತೊಡಕುಗಳನ್ನೂ ಹೇಳಬೇಕು. ನೆಲ ಪೂರ್ತಿ ಒದ್ದೆ, ಕೊಳೆತ ಎಸಳು ಮತ್ತು ಬಾಳೆನಾರಿನ ಮೇಲೆ ಕಾಲು ಜಾರುತ್ತದೆ. ವಯಸ್ಸಾದವರನ್ನು ಹಬ್ಬದ ಹಿಂದಿನ ದಿನ ಇಲ್ಲಿಗೆ ಕರೆದುಕೊಂಡು ಬರುವುದು ಬೇಡ. ತಲೆಯ ಮೇಲೆ ಮೂಟೆ ಹೊತ್ತವರಿಗೆ ದಾರಿ ಬಿಡುತ್ತಲೇ ನಡೆಯಬೇಕು. ಕಾರು ತಂದರೆ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಬಯಸಿದ್ದ ಹಳದಿ ಗುಲಾಬಿಯನ್ನು ಬೇರೊಂದು ಅಂಗಡಿಯಲ್ಲಿ ಅವಸರದಿಂದ, ಕಾಗದ ಬಿಚ್ಚಿಸದೆ ಕೊಂಡೆ. ಮನೆಗೆ ಬಂದು ನೋಡಿದರೆ ನಡುವಿನ ಐದು ಕಡ್ಡಿಗಳ ಕತ್ತು ಮುರಿದಿತ್ತು. ಸುತ್ತಲೂ ಒಳ್ಳೆಯದನ್ನಿಟ್ಟು ನಡುವೆ ಹಾಳಾದದ್ದನ್ನು ಸೇರಿಸುವ ಈ ಅಭ್ಯಾಸ ನನಗೆ ನಿಜವಾಗಿಯೂ ನೋವು ತಂದಿತು, ಏಕೆಂದರೆ ಅದು ಒಂಬತ್ತು ವರ್ಷದ ಹುಡುಗಿ ಒಂದು ವಾರದಿಂದ ಕಾದಿದ್ದ ಹೂವು. ಆದ್ದರಿಂದ ಎಷ್ಟೇ ನೂಕುನುಗ್ಗಲಿದ್ದರೂ ಬಂಚನ್ನು ಬಿಡಿಸಿ ತೋರಿಸಲು ಹೇಳಿ. ತೋರಿಸಲು ಒಪ್ಪದವರ ಬಳಿ ಕೊಳ್ಳಬೇಡಿ.

ಅಮ್ಮನಿಗೆ ಗುಲಾಬಿ ಬೇಕಿರಲಿಲ್ಲ. ಮಲ್ಲಿಗೆಯ ಕಾಲ ಇನ್ನೂ ಬಂದಿರದ ಕಾರಣ ಅವರಿಗಾಗಿ ಎರಡು ಮಾರು ಕಾಕಡ ಕೊಂಡೆ, ಅದನ್ನು ಒದ್ದೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದೊಡನೆ ಗುಲಾಬಿಯ ಕೆಳಗಿನ ಎಲೆಗಳನ್ನು ತೆಗೆದು, ಬಕೆಟ್ಟಿನ ನೀರಿನೊಳಗೇ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿದೆ. ಹೀಗೆ ಮಾಡಿದರೆ ಗಾಳಿಯ ಗುಳ್ಳೆ ಕಡ್ಡಿಯೊಳಗೆ ಸೇರದೆ ನೀರು ಮೊಗ್ಗಿನವರೆಗೆ ಸರಾಗವಾಗಿ ಏರುತ್ತದೆ. ಎರಡು ಗಂಟೆ ಹಾಗೆಯೇ ಬಿಟ್ಟು, ನಂತರ ಹೆಂಡತಿ ತನ್ನ ಹಿತ್ತಾಳೆಯ ತಂಬಿಗೆಯಲ್ಲಿ ಹತ್ತನ್ನು ಜೋಡಿಸಿದಳು. ಉಳಿದ ಹತ್ತನ್ನು ಮಗಳ ಕೈಯಲ್ಲಿ ಮೇಲಿನ ಮನೆಯ ಅಜ್ಜ ಅಜ್ಜಿಗೆ ಕಳುಹಿಸಿದೆವು, ಅವರ ಮಕ್ಕಳು ಹೊರದೇಶದಲ್ಲಿದ್ದಾರೆ. ರಾತ್ರಿ ಊಟಕ್ಕೆ ಹೊರಗೆ ಹೋಗಲಿಲ್ಲ. ಅಮ್ಮ ಮಾಡಿದ ಶಾವಿಗೆ ಪಾಯಸವನ್ನು ಅದೇ ತಂಬಿಗೆಯ ಸುತ್ತ ಕುಳಿತು ತಿಂದೆವು.

ದಿನವೂ ನೀರು ಬದಲಿಸಿದ್ದರಿಂದ ಕೆಂಪು ಗುಲಾಬಿ ಮೂರನೆಯ ದಿನ ಪೂರ್ತಿ ಅರಳಿ ಏಳನೆಯ ದಿನದವರೆಗೆ ನಿಂತಿತು. ಮಗಳ ಬಂಚಿನಲ್ಲಿ ಉಳಿದ ಹದಿನೈದು ಹಳದಿ ಹೂವುಗಳಲ್ಲಿ ಎರಡು ಮಾತ್ರ ಬೇಗ ಬಾಡಿದವು. ಕಾಕಡದಲ್ಲಿ ಒಂದು ಮಾರನ್ನು ಅಮ್ಮ ಅಂದೇ ಮುಡಿದರು, ಇನ್ನೊಂದನ್ನು ಬಾಳೆಲೆಯಲ್ಲೇ ತೆಗೆದಿಟ್ಟು ಮರುದಿನ ಶಿವನ ಪಟಕ್ಕೆ ಹಾಕಿದರು. ಮುಂದಿನ ವರ್ಷವೂ ನಾನು ಆ ಮೊದಲ ಅಂಗಡಿಯಾಕೆಯ ಬಳಿಯೇ ಕೊಳ್ಳುತ್ತೇನೆ, ಹಳದಿಯನ್ನೂ ಅವರಲ್ಲೇ ಹೇಳಿಟ್ಟು ತರಿಸುತ್ತೇನೆ.