ಝಡ್/ಓಎಸ್‌ನ ಮೆಸೇಜ್ ಕ್ಯೂ ಮಿತಿ ಎಚ್ಚರಿಕೆ: ಒಂದು ವಿಮರ್ಶೆ

ಮೇನ್‌ಫ್ರೇಮ್‌ನ ಭದ್ರತಾ ತಂತ್ರಾಂಶದಲ್ಲಿ ಒಂದು ಪ್ರೋಗ್ರಾಂ ಲಾಗಿನ್ ನಿರಾಕರಣೆಯಂತಹ ಘಟನೆಗಳನ್ನು ಯುನಿಕ್ಸ್ ಮೆಸೇಜ್ ಕ್ಯೂಗೆ (ಪ್ರೋಗ್ರಾಂಗಳ ನಡುವಿನ ಸಂದೇಶಗಳ ಸರದಿಗೆ) ಹಾಕಿ, ಇನ್ನೊಂದು ಪ್ರೋಗ್ರಾಂ ಅವನ್ನು ತೆಗೆದು ದಾಖಲಿಸುವ ವಿನ್ಯಾಸವಿದ್ದರೆ, ಆ ಕ್ಯೂ ತುಂಬಿದ ಕ್ಷಣದಿಂದ ಕಳುಹಿಸುವ ಪ್ರೋಗ್ರಾಂ ಕಾಯುತ್ತಾ ನಿಲ್ಲುತ್ತದೆ, ಇಲ್ಲವೇ ದೋಷಸಂಕೇತ ಪಡೆದು ಹಿಂದಿರುಗುತ್ತದೆ. ಎರಡೂ ಒಳ್ಳೆಯ ಸುದ್ದಿಯಲ್ಲ. ಇದನ್ನು ಮುಂಚಿತವಾಗಿ ತಿಳಿಸಲು ಐಬಿಎಂ ತನ್ನ ಮೇನ್‌ಫ್ರೇಮ್ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನಲ್ಲಿ ಕೊಟ್ಟಿರುವ ಸೌಲಭ್ಯ ಲಿಮ್‌ಎಂಎಸ್‌ಜಿ (LIMMSG).

ನನ್ನ ಮೊದಲ ಆಕ್ಷೇಪವೆಂದರೆ, ವ್ಯವಸ್ಥೆಯ ಸೆಟ್ಟಿಂಗ್‌ಗಳ ಸಂಗ್ರಹವಾದ ಪಾರ್ಮ್‌ಲಿಬ್‌ನ ಬಿಪಿಎಕ್ಸ್‌ಪಿಆರ್‌ಎಂ ಮೆಂಬರ್‌ನಲ್ಲಿ (ಯುನಿಕ್ಸ್ ಭಾಗದ ಕಡತದಲ್ಲಿ) ನಾವೇ ಬರೆಯದಿದ್ದರೆ ಇದರ ಮೌಲ್ಯ ‘ನನ್’ (NONE), ಅಂದರೆ ಎಚ್ಚರಿಕೆಯೇ ಬರುವುದಿಲ್ಲ. ‘ಸಿಸ್ಟಂ’ (SYSTEM) ಎಂದು ಬರೆದ ಮೇಲೆ, ಬಳಕೆ 85 ಪ್ರತಿಶತ ಮುಟ್ಟಿದಾಗ ಬಿಪಿಎಕ್ಸ್‌ಐ039ಐ ಸಂದೇಶ ಕನ್ಸೋಲಿನಲ್ಲಿ (ನಿರ್ವಾಹಕರ ಪರದೆಯಲ್ಲಿ) ಕಾಣಿಸಿಕೊಳ್ಳುತ್ತದೆ. ಬಳಕೆ ಏರಿದಂತೆ ಪ್ರತಿಶತದ ಅಂಕಿಯೂ ಏರುತ್ತದೆ, ಒತ್ತಡ ಇಳಿದಾಗ ಕೊರತೆ ನೀಗಿತೆಂದೂ ತಿಳಿಸುತ್ತದೆ. ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಯಂತ್ರಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವವರಿಗೆ ಇಷ್ಟೇ ದೊಡ್ಡ ಉಪಕಾರ.

ಆದರೆ ಸಂದೇಶ ಮಿತಿಯ ಹೆಸರನ್ನು ಹೇಳುತ್ತದೆಯೇ ಹೊರತು ತಪ್ಪು ಯಾರದೆಂದು ಹೇಳುವುದಿಲ್ಲ. ಕನ್ಸೋಲಿನಲ್ಲಿ ‘ಡಿ ಓಎಂವಿಎಸ್,ಎಲ್’ (D OMVS,L) ಆದೇಶ ಕೊಟ್ಟರೆ ಈಗಿನ ಬಳಕೆ, ಈವರೆಗಿನ ಗರಿಷ್ಠ ಬಳಕೆ ಮತ್ತು ಮಿತಿ ಮೂರು ಕಾಲಂಗಳಲ್ಲಿ ಬರುತ್ತವೆ. ಒಟ್ಟು ಕ್ಯೂಗಳ ಸಂಖ್ಯೆಯ ಮಿತಿಯಾದ ಐಪಿಸಿಎಂಎಸ್‌ಜಿನಿಡ್ಸ್‌ಗೆ (ಯಾರೂ ಬದಲಿಸದಿದ್ದರೆ ಈ ಮಿತಿ 500) ಮೂರೂ ಅಂಕಿ ಸಿಗುತ್ತವೆ. ಒಂದೊಂದು ಕ್ಯೂ ಹಿಡಿಯಬಹುದಾದ ಬೈಟ್‌ಗಳ ಮಿತಿಯ ಸಾಲಿನಲ್ಲಿ ಮಾತ್ರ ಈಗಿನ ಬಳಕೆಯ ಜಾಗದಲ್ಲಿ ಬರೀ ಗೆರೆಗಳಿರುತ್ತವೆ, ಏಕೆಂದರೆ ಅದು ಇಡೀ ವ್ಯವಸ್ಥೆಯ ಲೆಕ್ಕವಲ್ಲ. ಯಾವ ಕ್ಯೂ ಎಂಬುದನ್ನು ಹುಡುಕಲು ಯುನಿಕ್ಸ್ ಶೆಲ್‌ಗೆ (ಆದೇಶ ಟೈಪಿಸುವ ಜಾಗಕ್ಕೆ) ಹೋಗಿ, ಕ್ಯೂಗಳ ಸ್ಥಿತಿ ತೋರಿಸುವ ಐಪಿಸಿಎಸ್ (ipcs) ಆದೇಶ ಓಡಿಸಲೇಬೇಕು.

ನಿಜವಾದ ಉತ್ತರ ಇರುವುದು ಅಲ್ಲಿಯೇ. ಕ್ಯೂನಲ್ಲಿರುವ ಸಂದೇಶಗಳ ಸಂಖ್ಯೆ ಏರುತ್ತಿದ್ದು, ಕೊನೆಯ ಬಾರಿ ಕಳುಹಿಸಿದ ಸಮಯ ಈಗಿನದಾಗಿದ್ದು, ಕೊನೆಯ ಬಾರಿ ಸ್ವೀಕರಿಸಿದ ಸಮಯ ಹಳೆಯದಾಗಿದ್ದರೆ, ಸ್ವೀಕರಿಸುವ ಪ್ರೋಗ್ರಾಂ ನಿಂತಿದೆ ಅಥವಾ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದೇ ಲೆಕ್ಕ. ಇಂತಹ ಸ್ಥಿತಿಯಲ್ಲಿ ಮಿತಿ ಏರಿಸಿ ಎನ್ನುವ ಸಲಹೆ ಎಷ್ಟು ಜನಪ್ರಿಯವೋ ಅಷ್ಟೇ ನಿರುಪಯುಕ್ತ. ಚರಂಡಿ ಕಟ್ಟಿಕೊಂಡಾಗ ತೊಟ್ಟಿ ದೊಡ್ಡದು ಮಾಡಿದ ಹಾಗೆ. ಇನ್ನು ಐಪಿಸಿಎಂಎಸ್‌ಜಿನಿಡ್ಸ್ ಎಚ್ಚರಿಕೆಯ ಹಿಂದೆ ಬಹಳ ಸಲ ಅನಾಥ ಕ್ಯೂಗಳಿರುತ್ತವೆ. ಪ್ರೋಗ್ರಾಂ ಸತ್ತರೂ ಅದು ತೆರೆದ ಕ್ಯೂ ಸಾಯುವುದಿಲ್ಲ, ಐಪಿಸಿಆರ್‌ಎಂ (ipcrm) ಆದೇಶದಿಂದ ತೆಗೆಯುವವರೆಗೆ ಅಥವಾ ಐಪಿಎಲ್ (ಇಡೀ ವ್ಯವಸ್ಥೆಯ ಮರುಆರಂಭ) ಆಗುವವರೆಗೆ ಉಳಿದಿರುತ್ತದೆ. ತೆಗೆಯುವ ಮುನ್ನ ಅದರ ಮಾಲೀಕರನ್ನು ನೋಡಿಕೊಳ್ಳಬೇಕು, ಓದದ ಭದ್ರತಾ ಘಟನೆಗಳು ಅದರೊಂದಿಗೇ ಹೋಗುತ್ತವೆ.

ದಟ್ಟಣೆ ನಿಜವಾಗಿಯೂ ಹೆಚ್ಚಿದ್ದಾಗ ಸೆಟ್‌ಓಎಂವಿಎಸ್ (SETOMVS) ಆದೇಶದಿಂದ ಮಿತಿಯನ್ನು ಯಂತ್ರ ನಿಲ್ಲಿಸದೆಯೇ ಏರಿಸಬಹುದಾಗಿದ್ದು, ‘ಡಿ ಓಎಂವಿಎಸ್,ಎಲ್’ ಪಟ್ಟಿಯಲ್ಲಿ ಹಾಗೆ ಬದಲಿಸಿದ ಮಿತಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ತೋರಿಸುವುದು ನನಗೆ ಬಹಳ ಇಷ್ಟವಾದ ಅಂಶ. ಬೈಟ್ ಮಿತಿಯನ್ನು ಪ್ರತಿ ಕ್ಯೂ ಹುಟ್ಟುವಾಗಲೇ ಪಡೆಯುವುದರಿಂದ, ಆಗಲೇ ತುಂಬಿರುವ ಕ್ಯೂಗೆ ಇದರಿಂದ ಪರಿಹಾರ ಸಿಗದು. ತಂತ್ರಾಂಶವನ್ನು ನಿಲ್ಲಿಸಿ, ಹಳೆಯ ಕ್ಯೂ ತೆಗೆದು, ಕ್ಯೂ ಹೊಸದಾಗಿ ಹುಟ್ಟುವಂತೆ ಮತ್ತೆ ಆರಂಭಿಸಬೇಕಾಗುತ್ತದೆ. ಬದಲಾವಣೆಯನ್ನು ಪಾರ್ಮ್‌ಲಿಬ್‌ನಲ್ಲಿಯೂ ಬರೆಯದಿದ್ದರೆ ಮುಂದಿನ ಐಪಿಎಲ್‌ನಲ್ಲಿ ಹಳೆಯ ಅಂಕಿಯೇ ಮರಳುತ್ತದೆ.

ಲಿಮ್‌ಎಂಎಸ್‌ಜಿಗೆ ‘ಆಲ್’ (ALL) ಎಂಬ ಮೌಲ್ಯವೂ ಇದೆ. ಅದು ಪ್ರತಿ ಪ್ರೊಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಮಿತಿಯನ್ನೂ ಕನ್ಸೋಲಿಗೆ ತರುವುದರಿಂದ, ನಿತ್ಯದ ಬಳಕೆಗೆ ಸಿಸ್ಟಂ ಸಾಕು ಎನ್ನುವುದು ನನ್ನ ಅಭಿಪ್ರಾಯ.