ಚಿವಿತಾ ದಿ ಬಾನ್ಯೊರೆಜೊ: ಒಂದೂವರೆ ಗಂಟೆಯಲ್ಲಿ ಮುಗಿಸಿದ ಊರು

ಕಳೆದ ಅಕ್ಟೋಬರಿನಲ್ಲಿ ನಾವು ನಾಲ್ವರು ಹಾಸನದ ಒಂದು ಪ್ರವಾಸ ಸಂಸ್ಥೆಯ ಮೂಲಕ ಇಟಲಿಗೆ ಹೋಗಿಬಂದೆವು. ವಿಮಾನ, ವಸತಿ, ಊಟಗಳಲ್ಲಿ ಕೊರತೆಯಿರಲಿಲ್ಲ. ರೋಮಿನಿಂದ ಒಂದು ದಿನದ ಮಟ್ಟಿಗೆ ಕರೆದೊಯ್ದ ಚಿವಿತಾ ದಿ ಬಾನ್ಯೊರೆಜೊ ಎಂಬ ಗುಡ್ಡದ ಊರಿನ ಭೇಟಿಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ರೋಮಿನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿರುವ ಈ ಊರನ್ನು 2500 ವರ್ಷಗಳಿಗೂ ಹಿಂದೆ, ರೋಮನ್ನರ ಆಳ್ವಿಕೆಗೂ ಮೊದಲು ಆ ಸೀಮೆಯಲ್ಲಿದ್ದ ಎಟ್ರುಸ್ಕನ್ನರೆಂಬ ಜನ ಕಟ್ಟಿದರು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ರೂಪುಗೊಂಡ ಟಫ್ ಕಲ್ಲಿನ ಹಾಸಿನ ಮೇಲೆ ಮನೆಗಳಿದ್ದು, ಅದರಡಿಯಲ್ಲಿ ಜೇಡಿಮಣ್ಣಿದೆ. ಮಳೆಯೂ ಕೆಳಗಿನ ಹಳ್ಳಗಳೂ ಆ ಮಣ್ಣನ್ನು ಕೊರೆದಂತೆಲ್ಲ ಮೇಲಿನ ಕಲ್ಲು ಆಧಾರ ತಪ್ಪಿ ಅಂಚಿನಿಂದ ಕಳಚಿ ಬೀಳುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಧರೆ ಜರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1695ರ ಭೂಕಂಪದ ನಂತರ ಬಿಷಪ್ಪರ ಪೀಠವೂ ಪೌರಾಡಳಿತವೂ ಪಕ್ಕದ ಬಾನ್ಯೊರೆಜೊಗೆ ಹೋದವು. 13ನೆಯ ಶತಮಾನದ ಸಂತ ಬೊನಾವೆಂಚುರಾ ಬೆಳೆದರೆನ್ನಲಾದ ಮನೆಯೂ ಕಾಲಕ್ರಮದಲ್ಲಿ ಕಣಿವೆಯ ಪಾಲಾಯಿತು. ಈಗ ವರ್ಷವಿಡೀ ಅಲ್ಲೇ ಇರುವವರು ಬೆರಳೆಣಿಕೆಯಷ್ಟು ಮಂದಿ. ಇದಿಷ್ಟನ್ನೂ ನಾನು ಹೊರಡುವ ಮೊದಲೇ ಓದಿಕೊಂಡಿದ್ದೆ. ನಮ್ಮ ಜೊತೆ ಬಂದ ಮಾರ್ಗದರ್ಶಿ ಹೇಳಿದ್ದು "ಇದು ಸಾಯುತ್ತಿರುವ ಊರು" ಎಂಬ ಒಂದೇ ಮಾತನ್ನು, ಅದೂ ನಾಲ್ಕು ಸಲ.

ಊರಿಗೆ ಹೋಗಲು 1965ರಲ್ಲಿ ಕಟ್ಟಿದ ಕಾಲುಸೇತುವೆಯೇ ದಾರಿ. ಪ್ರವಾಸದ ಪಟ್ಟಿಯಲ್ಲಿ "ಸಲೀಸಾದ ನಡಿಗೆ" ಎಂದು ಅಚ್ಚಾಗಿತ್ತು, ಆದರೆ ಸೇತುವೆಯ ಕೊನೆಯ ಏರು ಎಷ್ಟು ಕಡಿದಾಗಿದೆಯೆಂದರೆ, ಮಂಡಿನೋವಿನ ನಮ್ಮಕ್ಕ ಕಂಬಿ ಹಿಡಿದು ಮೂರು ಕಡೆ ನಿಂತು, "ಶ್ರವಣಬೆಳಗೊಳದಲ್ಲಾದರೆ ಡೋಲಿಯಾದರೂ ಸಿಗುತ್ತಿತ್ತು ಕಣೋ" ಎಂದರು. ವಯಸ್ಸಾದವರನ್ನು ಕಳಿಸುವ ಸಂಸ್ಥೆ ಇಷ್ಟನ್ನು ಮೊದಲೇ ತಿಳಿಸಬೇಕಿತ್ತು. ಪ್ಯಾಕೇಜಿನಲ್ಲೇ ಸೇರಿದೆ ಎಂದಿದ್ದ 5 ಯೂರೋ ಪ್ರವೇಶ ಶುಲ್ಕವನ್ನೂ ಅಲ್ಲಿ ನಮ್ಮ ಕೈಯಿಂದಲೇ ಕೊಡಿಸಿದರು.

ಸಾಂತಾ ಮರಿಯಾ ಹೆಬ್ಬಾಗಿಲನ್ನು ತಲುಪಿದ ಮೇಲೆ ಆ ಬೇಸರವೆಲ್ಲ ಮರೆತುಹೋಯಿತು. ಕಮಾನಿನ ಎರಡು ಬದಿಗಳಲ್ಲಿ ಮಳೆಗಾಳಿಗೆ ಸವೆದ ಕಲ್ಲಿನ ಸಿಂಹಗಳಿದ್ದು, ಒಂದೊಂದೂ ಮನುಷ್ಯನ ತಲೆಯನ್ನು ಪಂಜದಲ್ಲಿ ಅದುಮಿ ಹಿಡಿದಿದೆ. ಹತ್ತಿರದ ಒರ್ವಿಯೆತೊ ಪಟ್ಟಣದ ಪ್ರಬಲ ಮನೆತನವೊಂದರ ವಿರುದ್ಧ ಊರಿನವರು ದಂಗೆಯೆದ್ದು ಗೆದ್ದದ್ದರ ಗುರುತು ಅದೆನ್ನುತ್ತಾರೆ. ಬೇಲೂರಿನಲ್ಲಿ ಸಳನು ಸಿಂಹವನ್ನು ಇರಿಯುವುದನ್ನು ಚಿಕ್ಕಂದಿನಿಂದ ನೋಡಿದ ನಮಗೆ, ಇಲ್ಲಿ ಸಿಂಹದ ಕೈ ಮೇಲಾಗಿರುವುದನ್ನು ಕಂಡು ನಗು ಬಂತು. ಒಳಗೆ ಸಾನ್ ದೊನಾತೊ ಚರ್ಚಿನ ಮುಂದೆ ಕಲ್ಲುಹಾಸಿಲ್ಲದ ಚೌಕವೂ ಪ್ರಾಚೀನ ಕಂಬಗಳ ಮೋಟುಗಳೂ ಇವೆ. ಕುಸಿತದ ಕಥೆಯನ್ನೇ ಹೇಳುವ ವಸ್ತುಸಂಗ್ರಹಾಲಯವೊಂದು ಅದೇ ಊರಿನಲ್ಲಿದೆ. ನಾನು ಅದರ ಬಾಗಿಲವರೆಗೆ ಹೋಗುವಷ್ಟರಲ್ಲಿ ಮಾರ್ಗದರ್ಶಿ ಬಸ್ಸಿಗೆ ಹೊತ್ತಾಯಿತೆಂದು ಕೂಗಿ ಕರೆದರು. ಊಟವೂ ಸೇರಿ ನಮಗೆ ಸಿಕ್ಕಿದ್ದು ಒಟ್ಟು ಒಂದೂವರೆ ಗಂಟೆ.

ಊರಿಗೆ ಐದಕ್ಕೆ ಐದು ಅಂಕ, ಕರೆದೊಯ್ದ ಸೇವೆಗೆ ಎರಡು. ಹೋಗಬಯಸುವವರು ರೋಮಿನಿಂದ ರೈಲಿನಲ್ಲಿ ಒರ್ವಿಯೆತೊಗೆ ಹೋಗಿ, ಅಲ್ಲಿಂದ ಬಾನ್ಯೊರೆಜೊಗೆ ಬಸ್ ಹಿಡಿಯಬಹುದು. ಭಾನುವಾರ ಆ ಬಸ್ಸನ್ನು ನಂಬಿಕೊಳ್ಳಬೇಡಿ.