ನಿಷೇಧಾಜ್ಞೆಯೋ, ಮಾತುಕತೆಯೋ, ಫ್ರೀಡಂ ಪಾರ್ಕೋ?

ಪ್ರತಿಭಟನೆ ನಿಭಾಯಿಸಲು ಪೊಲೀಸ್ ಅಧಿಕಾರಿಗೆ ಯಾವ ದಾರಿ ಒಳ್ಳೆಯದು ಎಂದು ಕೇಳಿದ್ದೀರಿ.

ನಿಷೇಧಾಜ್ಞೆ ಹೊರಡಿಸುವುದು ಸುಲಭ, ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ 144ನೇ ಸೆಕ್ಷನ್ ಆದೇಶವನ್ನು ಹೈಕೋರ್ಟ್ 2020ರಲ್ಲಿ ಕಾನೂನುಬಾಹಿರ ಎಂದಿತು. ಗಲಭೆಯ ಖಚಿತ ಮಾಹಿತಿ ಇದ್ದಾಗಷ್ಟೇ ಇದು ಸರಿ.

ಜನ ಶಾಂತವಾಗಿದ್ದರೆ ಮಾತುಕತೆಯೇ ಮೇಲು. ಅದೇ ದಿನಗಳಲ್ಲಿ ಟೌನ್‌ಹಾಲ್ ಬಳಿ ಡಿಸಿಪಿ ಚೇತನ್ ಸಿಂಗ್ ರಾಥೋರ್ ರಾಷ್ಟ್ರಗೀತೆ ಹಾಡಿದರು. ನೆರೆದವರು ದನಿಗೂಡಿಸಿ ಚದುರಿದರು. ಆದರೆ ಕಲ್ಲು ಬೀಳತೊಡಗಿದ ಮೇಲೆ ಹಾಡು ಯಾರ ಕಿವಿಗೂ ಬೀಳದು.

ಸಂಚಾರದ ಚಿಂತೆಯಿದ್ದರೆ ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿದ ಜಾಗವಾದ ಫ್ರೀಡಂ ಪಾರ್ಕ್ ವಾಸಿ, ಆಂಬುಲೆನ್ಸ್‌ಗೆ ದಾರಿ ಉಳಿಯುತ್ತದೆ. ಮುಂಚೆಯೇ ಅನುಮತಿ ಕೇಳುವ ಸಂಘಟನೆಗಳಿಗೆ ಹೊಂದುತ್ತದೆ. ದಿಢೀರನೆ ಕೆರಳಿ ಬೀದಿಗಿಳಿದವರನ್ನು ಅಲ್ಲಿಗೆ ಒಯ್ಯಲು ಮತ್ತೆ ಮಾತೇ ಬೇಕು.